ಓದುಗರ ಪ್ರಶ್ನೆಗಳು: ದೊಡ್ಡ ಪ್ರತಿಮೆಗೆ ಬಾಸ್‌ವುಡ್ ಹಿಡಿಯುತ್ತದೆಯೇ?

ಪ್ರಶ್ನೆ: ನಮ್ಮ ಇಗರ್ಜಿಗೆ ಆರಡಿ ಎತ್ತರದ, ಶಿಲುಬೆಗೇರಿದ ಯೇಸುವಿನ ಪ್ರತಿಮೆ ಮಾಡಿಸಬೇಕು. ಕೆತ್ತುವವರು ಬಾಸ್‌ವುಡ್ ಕೇಳುತ್ತಿದ್ದಾರೆ. ಎಲ್ಲಿ ಸಿಗುತ್ತದೆ, ಎಷ್ಟು ತರಿಸಬೇಕು?
– ಓದುಗರೊಬ್ಬರು, ಕಾರವಾರ

ಉತ್ತರ: ಬಾಸ್‌ವುಡ್ ನಮ್ಮ ಕಾಡಿನ ಮರವಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಬೆಳೆಯುತ್ತದೆ, ಯುರೋಪಿನ ಲಿಂಡನ್ ಮರದ ಒಡಹುಟ್ಟು. ಊರಿನ ಡಿಪೋಗಳಲ್ಲಿ ಹುಡುಕಿ ಫಲವಿಲ್ಲ. ದೊಡ್ಡ ನಗರಗಳಲ್ಲಿ ಆಮದು ಮರ ಮಾರುವವರನ್ನೇ ಕೇಳಬೇಕು. ಬಿಲ್ಲಿನಲ್ಲಿ ‘ಟಿಲಿಯಾ ಅಮೆರಿಕಾನಾ’ ಎಂದು ಬರೆಸಿಕೊಳ್ಳಿ. ‘ವೈಟ್‌ವುಡ್’ ಎಂದಷ್ಟೇ ಇದ್ದರೆ ಒಪ್ಪಬೇಡಿ, ಆ ಹೆಸರಿನಲ್ಲಿ ಟುಲಿಪ್ ಪಾಪ್ಲರ್, ಸ್ಪ್ರೂಸ್ ಕೂಡ ಬರುತ್ತವೆ. ಹಲಗೆಯ ನಡುವೆ ಹಸಿರು ಛಾಯೆ ಕಂಡರೆ ಅದು ಪಾಪ್ಲರ್ ಇರಬಹುದು.

ಇಡೀ ದಿಮ್ಮಿಯ ಆಸೆ ಬಿಡಿ. ಅಷ್ಟು ದಪ್ಪದ ಮರ ಒಳಗಿನ ತನಕ ಸೀಳದೆ ಒಣಗುವುದು ತೀರಾ ಅಪರೂಪ. ಕಿಲನ್‌ನಲ್ಲಿ, ಅಂದರೆ ಮರ ಒಣಗಿಸುವ ಬಿಸಿಗೂಡಿನಲ್ಲಿ ಒಣಗಿಸಿದ 2 ಇಂಚಿನ ಹಲಗೆ ತರಿಸಿ (ಆಮದುದಾರರು ಇದನ್ನು 8/4 ಎನ್ನುತ್ತಾರೆ), ಪದರ ಪದರವಾಗಿ ಅಂಟಿಸಿ. ಹತ್ತರಿ ಹೊಡೆದ ಮೇಲೆ ಹಲಗೆ ಒಂದೂಮುಕ್ಕಾಲು ಇಂಚು ಉಳಿಯುತ್ತದೆ, ಎಂಟು ಪದರಕ್ಕೆ 14 ಇಂಚು ದಪ್ಪ. ಮೈಗೆ ಆರೂವರೆ ಅಡಿ ಉದ್ದ, 18 ಇಂಚು ಅಗಲ, 14 ಇಂಚು ದಪ್ಪದ ದಿಮ್ಮಿ ಬೇಕು. ಎರಡು ತೋಳುಗಳನ್ನು ಬೇರೆಯಾಗಿ ಮಾಡಬೇಕು, ತಲಾ 30 ಇಂಚು ಉದ್ದ, 6 ಇಂಚು ಚೌಕ. ತೋಳಿನ ಎಳೆ ತೋಳಿನುದ್ದಕ್ಕೇ ಹೋಗಬೇಕು, ಇಲ್ಲದಿದ್ದರೆ ಮಣಿಕಟ್ಟು ಮೊದಲ ಏಟಿಗೇ ಮುರಿಯುತ್ತದೆ. ಎಲ್ಲ ಸೇರಿ ಹನ್ನೆರಡೂವರೆ ಸಿಎಫ್‌ಟಿ (ಘನ ಅಡಿ). ಹತ್ತರಿಯಲ್ಲಿ, ತುದಿ ಕತ್ತರಿಸುವುದರಲ್ಲಿ ಕಾಲು ಭಾಗ ಹೋಗುವುದರಿಂದ ಹದಿನಾರೂವರೆ ಸಿಎಫ್‌ಟಿ ತರಿಸಿ. ಆಮದುದಾರರ ಲೆಕ್ಕದಲ್ಲಿ ಸುಮಾರು 200 ಬೋರ್ಡ್ ಫೂಟ್. ಒಂದು ಸಿಎಫ್‌ಟಿಗೆ 12. ಕೆಳಗಿನ ಮೂರಡಿಯಲ್ಲಿ ಅಗಲ 12 ಇಂಚೇ ಸಾಕೆಂದಾದರೆ ಎರಡು ಸಿಎಫ್‌ಟಿಗೂ ಹೆಚ್ಚು ಮರ ಉಳಿಯುತ್ತದೆ. ಒಣಗಿದ ಬಾಸ್‌ವುಡ್ ಸಿಎಫ್‌ಟಿಗೆ ಹನ್ನೆರಡು ಕಿಲೋ ಒಳಗೆ, ಸಾಗುವಾನಿ ಹದಿನೆಂಟರ ಆಸುಪಾಸು. ಹಾಗಿದ್ದೂ ಕೆತ್ತದ ಮೈ ದಿಮ್ಮಿ 130 ಕಿಲೋ ತೂಗುತ್ತದೆ. ಹೊರಳಿಸಲು ನಾಲ್ಕು ಜನ ಬೇಕು.

ಹಲಗೆ ಬಂದ ದಿನವೇ ಅಂಟಿಸಬೇಡಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಿಲನ್‌ನಿಂದ ಬಂದ ಮರದಲ್ಲಿ ತೇವ ಶೇ. 8ರಷ್ಟಿರುತ್ತದೆ, ಕಾರವಾರದ ಮಳೆಗಾಲದ ಗಾಳಿಯಲ್ಲಿ ಅದು ಶೇ. 17 ದಾಟಬಹುದು. ಬಾಸ್‌ವುಡ್ ಬೇರೆ ಹಲವು ಮರಗಳಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ: ತೇವ ಶೇ. 1 ಏರಿದರೆ ಹಲಗೆಯ ಅಗಲ ಶೇ. 0.3ರಷ್ಟು ಹೆಚ್ಚುತ್ತದೆ. 18 ಇಂಚಿನ ಅಗಲಕ್ಕೆ ಲೆಕ್ಕ ಹಾಕಿ, ಶೇ. 8ರಿಂದ 17ಕ್ಕೆ ಹೋಗುವಷ್ಟರಲ್ಲಿ 12 ಮಿಲಿಮೀಟರ್ ಬೆಳೆದಿರುತ್ತದೆ! ಅದಕ್ಕೇ ಹಲಗೆಗಳ ನಡುವೆ ಮುಕ್ಕಾಲು ಇಂಚಿನ ಅಡ್ಡಪಟ್ಟಿ ಕೊಟ್ಟು, ನೆಲದಿಂದ ಮೇಲೆ, ಮಾಡಿನಡಿ ಜೋಡಿಸಿಡಿ. ಗುರುತು ಮಾಡಿದ ಎರಡು ಹಲಗೆಗಳನ್ನು ವಾರಕ್ಕೊಮ್ಮೆ ತೂಗಿ. ತೂಕ ಏರುವುದು ನಿಂತರೆ ಮರ ಈ ಊರಿನ ಗಾಳಿಗೆ ಹೊಂದಿಕೊಂಡಿದೆ. ಮಳೆ ಹಿಂದೆಗೆದ ಮೇಲೆ, ತೇವ ಶೇ. 12–13ಕ್ಕೆ ನಿಂತಾಗ ಅಂಟಿಸುವುದು ಒಳ್ಳೆಯದು.

ನೀರು ತಡೆಯುವ ಮೆರೈನ್ ಅಂಟನ್ನೇ ಬಳಸಿ. ಎಂಟೂ ಪದರವನ್ನು ಒಮ್ಮೆಗೇ ಒತ್ತಲು ಹೋದರೆ ಕೊನೆಯದಕ್ಕೆ ಕ್ಲ್ಯಾಂಪ್ ಹಾಕುವಷ್ಟರಲ್ಲಿ ಮೊದಲನೆಯದರ ಅಂಟು ಕೆನೆಗಟ್ಟಿರುತ್ತದೆ. ಎರಡೆರಡನ್ನು ಅಂಟಿಸಿ, ಒಂದು ದಿನ ಬಿಟ್ಟು, ಆ ಜೋಡಿಗಳನ್ನು ಸೇರಿಸಿ. ಎಳೆಗಳೆಲ್ಲ ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗಿರಲಿ. ಅಕ್ಕಪಕ್ಕದ ಹಲಗೆಗಳು ಕೂಡುವ ಜಾಗ ಒಂದರ ಮೇಲೊಂದು ಬಾರದಂತೆ ಮೂರು ಇಂಚು ಸರಿಸಿ. ನಡುವಿನ ಎರಡು ಪದರಗಳಲ್ಲಿ ಎದೆಯಿಂದ ಸೊಂಟದವರೆಗೆ 5 ಇಂಚು ಅಗಲ, ಎರಡಡಿ ಉದ್ದದ ಟೊಳ್ಳು ಬಿಡಿ. ಅದಕ್ಕೆ ಬೆನ್ನಿನಲ್ಲಿ ಗಾಳಿಗಂಡಿ ಇಟ್ಟು ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಕೂರಿಸಿ. ಮೊದಲೇ ಪಕ್ಕದ ನೋಟದ ಚಿತ್ರ ಬರೆದು, ಅಂಟಿನ ಗೆರೆ ಕಣ್ಣು, ತುಟಿಯ ಮೇಲೆ ಹಾದುಹೋಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಒಂದೇ ದಿಮ್ಮಿಯಲ್ಲಿ ಕೆತ್ತಿಸಿದ ಪ್ರತಿಮೆಯ ಬೆನ್ನಿನಲ್ಲಿ ಕುತ್ತಿಗೆವರೆಗೆ ಸೀಳು ಬಂದಿದೆ. ಬೇಸಿಗೆಯಲ್ಲಿ ಪುಟ್ಟಿ ತುಂಬಿಸಿದೆವು. ಮಳೆಗಾಲ ಕಳೆದ ಮೇಲೆ ಪಕ್ಕದಲ್ಲೇ ಇನ್ನೊಂದು ಬಿಟ್ಟಿತು.
– ಓದುಗರೊಬ್ಬರು, ಕುಮಟಾ

ಉತ್ತರ: ಮರ ಸುತ್ತಳತೆಯಲ್ಲಿ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ತಿರುಳು ಒಳಗೇ ಉಳಿದ ದಿಮ್ಮಿಗೆ ಆ ಎಳೆತವನ್ನು ಬಿಡಿಸಿಕೊಳ್ಳಲು ಸೀಳದೆ ದಾರಿಯಿಲ್ಲ. ಐದು ಶತಮಾನಗಳ ಹಿಂದೆ ಜರ್ಮನಿಯ ಲಿಂಡನ್ ಶಿಲ್ಪಿಗಳು ದೊಡ್ಡ ಪ್ರತಿಮೆಗಳ ಬೆನ್ನನ್ನು ಕೊರೆದು ಟೊಳ್ಳು ಮಾಡುತ್ತಿದ್ದುದು ಇದಕ್ಕಾಗಿಯೇ. ಟಿಲ್ಮನ್ ರೀಮನ್‌ಷ್ನೈಡರ್ ಕೃತಿಗಳನ್ನು ಹಿಂದಿನಿಂದ ನೋಡಿದವರಿಗೆ ಇದು ಗೊತ್ತು. 1477–89ರಲ್ಲಿ ಶಿಲ್ಪಿ ವೈಟ್ ಸ್ಟಾಸ್ ಪೋಲೆಂಡಿನ ಕ್ರಾಕೋವ್‌ನಲ್ಲಿ ಮಾಡಿದ ಬೃಹತ್ ಬಲಿಪೀಠದ ಮೂರ್ತಿಗಳೂ ಲಿಂಡನ್‌ನವೇ.

ನಿಮ್ಮಲ್ಲಿ ಎರಡನೇ ಸೀಳಿಗೆ ಕಾರಣ ಆ ಪುಟ್ಟಿ. ಬೇಸಿಗೆಯಲ್ಲಿ ಸೀಳು ಅಗಲವಾಗಿರುತ್ತದೆ. ಅದನ್ನು ಗಟ್ಟಿ ಪದಾರ್ಥದಿಂದ ತುಂಬಿದರೆ ಮಳೆಗಾಲದಲ್ಲಿ ಹಿಗ್ಗಿದ ಮರಕ್ಕೆ ಮುಚ್ಚಿಕೊಳ್ಳಲು ಜಾಗವಿರುವುದಿಲ್ಲ. ಒತ್ತಡಕ್ಕೆ ನಾರು ನಲುಗಿ, ಒಣಗುವಾಗ ದುರ್ಬಲವಾದ ಕಡೆ ಬಿಟ್ಟುಕೊಳ್ಳುತ್ತದೆ. ಪುಟ್ಟಿ ಪೂರ್ತಿ ತೆಗೆಸಿ. ಅದೇ ಜಾತಿಯ ಮರದ ತೆಳು ಬೆಣೆ ಮಾಡಿ, ಎಳೆಯ ದಿಕ್ಕು ಹೊಂದಿಸಿ, ಒಂದೇ ಪಕ್ಕಕ್ಕೆ ಅಂಟು ಹಚ್ಚಿ ಕೂರಿಸಿ. ಇನ್ನೊಂದು ಪಕ್ಕ ಸರಿದಾಡಲಿ. ಮುಂಭಾಗಕ್ಕೆ ಮಾತ್ರ ಬಣ್ಣ ಬಳಿದಿದ್ದರೆ ಬೆನ್ನಿಗೂ ಅಷ್ಟೇ ಪದರ ಬಳಿಯಿರಿ. ಒಂದು ಕಡೆಯಿಂದಷ್ಟೇ ತೇವ ಕುಡಿಯುವ ಮರ ಬಾಗುತ್ತದೆ.

ಪ್ರಶ್ನೆ: ಬಾಸ್‌ವುಡ್ ಮೆದು ಎನ್ನುತ್ತಾರೆ, ಆದರೆ ಕೂದಲು, ಬೆರಳು ಕೆತ್ತುವಾಗ ಪುಡಿಪುಡಿಯಾಗುತ್ತದೆ.
– ಓದುಗರೊಬ್ಬರು, ಅಂಕೋಲಾ

ಉತ್ತರ: ಮೆದು ಮರಕ್ಕೇ ಹೆಚ್ಚು ಹರಿತ ಬೇಕು. ಗಟ್ಟಿ ಮರಕ್ಕೆ ಮಸೆದ 25–30 ಡಿಗ್ರಿಯ ಉಳಿ ಇಲ್ಲಿ ನಾರನ್ನು ಕತ್ತರಿಸುವ ಬದಲು ಜಜ್ಜುತ್ತದೆ. 20 ಡಿಗ್ರಿಗೆ ಮಸೆಯಿರಿ, ಸಾಣೆಯ ನಂತರ ಚರ್ಮದ ಪಟ್ಟಿಯ ಮೇಲೆ ತೀಡಿ, ಕೆಲಸದ ನಡುವೆ ಆಗಾಗ ಮತ್ತೆ ತೀಡುತ್ತಿರಿ. ಎಳೆಯ ತುದಿ ಕಾಣುವ ಕಡೆ ಸಮಭಾಗ ನೀರು, ಸ್ಪಿರಿಟ್ ಬೆರೆಸಿ ಚಿಮುಕಿಸಿದರೆ ಉಳಿ ನುಣ್ಣಗೆ ಓಡುತ್ತದೆ. ಕೆತ್ತನೆ ಮುಗಿಯುವ ತನಕ ಉಪ್ಪು ಕಾಗದ ಮುಟ್ಟಬೇಡಿ, ಅದರ ಹರಳು ಮರದಲ್ಲಿ ಉಳಿದು ಉಳಿಯ ಬಾಯಿ ಕೆಡಿಸುತ್ತದೆ.

ಪ್ರಶ್ನೆ: ಊರ ದೇವಿಯ ಉತ್ಸವ ಮೂರ್ತಿಗೆ ಶಿವನಿಯ ಬದಲು ಬಾಸ್‌ವುಡ್ ಆಗಬಹುದೇ? ಹೊರಲು ಹಗುರ ಎಂಬ ಯೋಚನೆ.
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಹಗುರದಲ್ಲಿ ಸಿಗುವ ಲಾಭ ಚಿಕ್ಕದು: ಶಿವನಿ ಸಿಎಫ್‌ಟಿಗೆ ಸುಮಾರು 14 ಕಿಲೋ, ಎರಡು ಕಿಲೋ ಮಾತ್ರ ಹೆಚ್ಚು. ಆದರೆ ಶಿವನಿ ತೇವಕ್ಕೆ ಹಿಗ್ಗುವುದು ಬಾಸ್‌ವುಡ್‌ನ ಅರ್ಧದಷ್ಟು. ಬಾಸ್‌ವುಡ್‌ಗೆ ಕೊಳೆ ತಡೆಯುವ ಗುಣವೂ ಇಲ್ಲ, ಗೆದ್ದಲಿಗೂ ಅದು ಸಲೀಸು. ಪಲ್ಲಕ್ಕಿಯ ಕಟ್ಟಿಗೆ ತಾಗಿದರೆ ತಗ್ಗು ಬೀಳುತ್ತದೆ, ಅಭಿಷೇಕದ ನೀರು ಇಂಗಿದರೆ ಕಪ್ಪು ಕಲೆ. ನಿಮ್ಮೂರಿನ ಗುಡಿಗಾರರ ಕೈಗೆ ಶಿವನಿ ಪಳಗಿದ ಮರ, ಅದನ್ನು ಬಿಡಲು ಕಾರಣವೇ ಕಾಣುವುದಿಲ್ಲ. ದೇವಿಯ ಮೂರ್ತಿಗೆ ಯಾವ ಮರ ಸಲ್ಲುತ್ತದೆ ಎಂಬುದನ್ನು ದೇವಸ್ಥಾನದ ತಂತ್ರಿಗಳನ್ನೂ ಹಿರಿಯರನ್ನೂ ಕೇಳಿಯೇ ನಿರ್ಧರಿಸಿ. ಮರ ಕೊಂಡಾಗ ಬಿಲ್ಲು, ಸಾಗಣೆ ಪರವಾನಗಿ ಎರಡನ್ನೂ ಮೂರ್ತಿಯ ಕಡತದಲ್ಲಿ ಇಟ್ಟುಕೊಳ್ಳಿ.

ಬಾಸ್‌ವುಡ್‌ನಲ್ಲೇ ಏನಾದರೂ ಮಾಡಿಸಬೇಕೆಂದಿದ್ದರೆ ಗರ್ಭಗುಡಿಯ ಹೊರಗೆ, ಗೋಡೆಗೆ ತಗುಲಿ ನಿಲ್ಲುವ ಫಲಕಗಳನ್ನು ಮಾಡಿಸಿ. ಕೊಳೆ, ಗೆದ್ದಲು ತಡೆಯಲು, ಅಂಟಿಸುವ ಮೊದಲು ಹಲಗೆಗಳಿಗೆ ಬೋರಾಕ್ಸ್–ಬೋರಿಕ್ ಆಮ್ಲದ ಶೇ. 5ರ ದ್ರಾವಣವನ್ನು (ಬೋರಾಕ್ಸ್ ಮೂರು ಪಾಲು, ಆಮ್ಲ ಎರಡು ಪಾಲು) ಬಿಸಿ ನೀರಿನಲ್ಲಿ ಕರಗಿಸಿ ಮೂರು ಕೈ ಬಳಿಯಿರಿ, ಪೂರ್ತಿ ಒಣಗಲು ಬಿಡಿ. ಒಣ ಮರದಲ್ಲಿ ಇದು ಆಳಕ್ಕೆ ಇಳಿಯುವುದಿಲ್ಲ, ಕೆತ್ತಿದಲ್ಲೆಲ್ಲ ಮತ್ತೆ ಬಳಿಯಬೇಕು. ಮಳೆ ನೀರು ತಾಗಿದರೆ ತೊಳೆದುಹೋಗುವುದರಿಂದ ಜಗಲಿಯ ಅಂಚಿನ ಕೆಲಸಕ್ಕೆ ಇದನ್ನು ನಂಬಬೇಡಿ.