ಸಿಂಪ್ಲೆಕ್ಸ್ ಬಾಯಿಪಾಠ ಬೇಡ, ನಿಪ್ಪಟ್ಟಿನ ಲೆಕ್ಕದಿಂದ ಶುರು ಮಾಡಿ

ಪ್ರಶ್ನೆ: ಬೆಂಗಳೂರಿನಲ್ಲಿ ಎಂಬಿಎ ಮೊದಲ ವರ್ಷ ಓದುತ್ತಿದ್ದೇನೆ. ಪಿಯುಸಿಯಿಂದಲೂ ಕಾಮರ್ಸ್, ಗಣಿತ ಬಿಟ್ಟು ವರ್ಷಗಳಾದವು. ಈ ಸೆಮಿಸ್ಟರ್‌ನಲ್ಲಿ ಆಪರೇಷನ್ಸ್ ರಿಸರ್ಚ್ (ಗಣಿತ ಬಳಸಿ ಒಳ್ಳೆಯ ನಿರ್ಧಾರ ಹುಡುಕುವ ವಿಷಯ) ಇದೆ. ಅದರಲ್ಲಿ ಬರುವ ಸಿಂಪ್ಲೆಕ್ಸ್, ಅಂದರೆ ಒಂದಾದ ಮೇಲೊಂದು ಟೇಬಲ್ ಹಾಕಿ ಅತಿ ಹೆಚ್ಚು ಲಾಭ ಹುಡುಕುವ ಲೆಕ್ಕ, ಎರಡನೇ ಟೇಬಲ್‌ಗೇ ಹಳ್ಳ ಹಿಡಿಯುತ್ತದೆ. ಸ್ಟೆಪ್ ಬಾಯಿಪಾಠ ಮಾಡು ಅಂತಾರೆ ಸೀನಿಯರ್ಸ್. ಎಕ್ಸೆಲ್ ಕ್ಷಣದಲ್ಲಿ ಮಾಡುವ ಲೆಕ್ಕವನ್ನು ಕೈಯಲ್ಲಿ ಯಾಕೆ ಮಾಡಬೇಕು? ಹೇಗೆ ಓದಲಿ?
– ಓದುಗರು, ವಿಜಯನಗರ

ಉತ್ತರ: ಬಾಯಿಪಾಠ ಖಂಡಿತ ಬೇಡ. ಪರೀಕ್ಷೆಯಲ್ಲಿ ಲೆಕ್ಕ ಒಂಚೂರು ತಿರುಚಿ ಕೊಟ್ಟರೂ ಅದು ಕೈಕೊಡುತ್ತದೆ. ಒಂದೇ ಒಂದು ಚಿಕ್ಕ ಲೆಕ್ಕವನ್ನು ಪೂರ್ತಿ ಜೀರ್ಣಿಸಿಕೊಳ್ಳಿ, ಉಳಿದದ್ದು ಅಷ್ಟು ಕಷ್ಟ ಅನ್ನಿಸುವುದಿಲ್ಲ.

ನಿಮ್ಮ ಏರಿಯಾದಲ್ಲೂ ಕುರುಕಲು ತಿಂಡಿ ಮಾಡುವ ಕಾಂಡಿಮೆಂಟ್ಸ್ ಅಂಗಡಿ ಇರುತ್ತದಲ್ವಾ? ಅಂಥದ್ದೊಂದು ಅಂಗಡಿ ಅಂದುಕೊಳ್ಳಿ. ಒಂದು ಬಾಣಲೆ ನಿಪ್ಪಟ್ಟಿಗೆ 2 ಕೆ.ಜಿ. ಹಿಟ್ಟು, ಒಂದು ಬಾಣಲೆ ಕೋಡುಬಳೆಗೆ 1 ಕೆ.ಜಿ. ಕರಿಯುವುದಕ್ಕೆ ಎರಡಕ್ಕೂ 6 ನಿಮಿಷ. ದಿನಕ್ಕೆ 100 ಕೆ.ಜಿ. ಹಿಟ್ಟಿದೆ. ಒಲೆ ಒಂದೇ, 8 ಗಂಟೆ ಉರಿಯುತ್ತದೆ, ಅಂದರೆ 80 ಬಾಣಲೆ. ಲಾಭ ನಿಪ್ಪಟ್ಟಿಗೆ ಬಾಣಲೆಗೆ 40 ರೂಪಾಯಿ, ಕೋಡುಬಳೆಗೆ 30. ಯಾವುದನ್ನು ಎಷ್ಟು ಮಾಡಬೇಕು?

ಇದನ್ನು ಗಣಿತದ ಸಾಲುಗಳಾಗಿ ಬರೆಯುವುದೇ ಈ ವಿಷಯದ ಜೀವಾಳ. ನಿಪ್ಪಟ್ಟಿನ ಬಾಣಲೆಗಳು ‘ನಿ’, ಕೋಡುಬಳೆಯವು ‘ಕೋ’ ಆಗಲಿ. ಹಿಟ್ಟು: 2ನಿ + ಕೋ ≤ 100. ಒಲೆ: ನಿ + ಕೋ ≤ 80. ಹೆಚ್ಚಿಸಬೇಕಾದ ಲಾಭ: 40ನಿ + 30ಕೋ. ‘ನಿ’, ‘ಕೋ’ ಎರಡೂ ಸೊನ್ನೆಗಿಂತ ಕಡಿಮೆ ಇರಬಾರದು. ಈ ಕೊನೆಯ ಸಾಲನ್ನು ಬರೆಯದೆ ಸುಮ್ನೆ ಮಾರ್ಕ್ಸ್ ಕಳೆದುಕೊಳ್ಳುವವರು ಜಾಸ್ತಿ.

ಈಗ ಗ್ರಾಫ್ ಹಾಳೆ ತೆಗೆಯಿರಿ. ಎರಡು ಗೆರೆ ಎಳೆದರೆ ನಾಲ್ಕು ಮೂಲೆ ಸಿಗುತ್ತವೆ. ಏನೂ ಮಾಡದಿದ್ದರೆ ಲಾಭ 0. ಬರೀ ನಿಪ್ಪಟ್ಟು 50 ಬಾಣಲೆ ಮಾಡಿದರೆ 2000 ರೂಪಾಯಿ. ಬರೀ ಕೋಡುಬಳೆ 80 ಮಾಡಿದರೆ 2400. ಗೆರೆಗಳು ಸೇರುವ ಜಾಗದಲ್ಲಿ 20 ನಿಪ್ಪಟ್ಟು, 60 ಕೋಡುಬಳೆ: 2600. ಬಾಣಲೆಗೆ ಜಾಸ್ತಿ ಲಾಭ ಕೊಡುವ ನಿಪ್ಪಟ್ಟನ್ನೇ ಮಾಡುತ್ತ ಕೂತರೆ 600 ರೂಪಾಯಿ ಖೋತಾ!

ಇದೇ ಲೆಕ್ಕವನ್ನು ಸಿಂಪ್ಲೆಕ್ಸ್‌ನಲ್ಲಿ ಮಾಡಿ. ಮೊದಲ ಟೇಬಲ್‌ನಲ್ಲಿ ಲಾಭ 0, ಎರಡನೆಯದರಲ್ಲಿ 2000, ಮೂರನೆಯದರಲ್ಲಿ 2600. ಗ್ರಾಫ್‌ನ ಒಂದು ಮೂಲೆಯಿಂದ ಪಕ್ಕದ ಮೂಲೆಗೆ ಹೋಗುತ್ತಿದ್ದೀರಿ, ಅಷ್ಟೇ. ಪ್ರತಿ ಟೇಬಲ್ ಮುಗಿದ ಮೇಲೆ ಬಂದ ಉತ್ತರವನ್ನು ಮೂಲ ಸಾಲುಗಳಿಗೆ ಹಾಕಿ ನೋಡಿ. ಹಿಟ್ಟು 100 ದಾಟಿದೆಯಾ? ಹಾಗಿದ್ದರೆ ಎಡವಿದ್ದು ಇದೇ ಟೇಬಲ್‌ನಲ್ಲಿ. ದಶಾಂಶ ಬಿಟ್ಟು ಭಿನ್ನರಾಶಿಯಲ್ಲೇ ಬರೆಯಿರಿ. ಹಿಟ್ಟು, ಒಲೆ ಯಾವುದು ಮೊದಲು ಮುಗಿಯುತ್ತದೆ ಅಂತ ನೋಡಲು ಅನುಪಾತ ತೆಗೆಯುವಾಗ ಸೊನ್ನೆ ಅಥವಾ ಮೈನಸ್ ಸಂಖ್ಯೆಯಿಂದ ಭಾಗಿಸಬೇಡಿ. ಎರಡನೇ ಟೇಬಲ್ ಹಾಳಾಗುವುದು ಸಾಮಾನ್ಯವಾಗಿ ಇಲ್ಲೇ.

ಎಕ್ಸೆಲ್ ವಿಚಾರ. ದೊಡ್ಡ ಲೆಕ್ಕವನ್ನು ಈಗ ಯಾರೂ ಕೈಯಲ್ಲಿ ಮಾಡುವುದಿಲ್ಲ, ಮಾಡಲೂಬಾರದು. ಜಾರ್ಜ್ ಡಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದ 1947ರಲ್ಲೇ, 77 ಆಹಾರ ಪದಾರ್ಥಗಳಿಂದ ಅತಿ ಅಗ್ಗದ ಊಟ ಹೊಂದಿಸುವ ಲೆಕ್ಕವನ್ನು ಅಮೆರಿಕದಲ್ಲಿ ಮೇಜಿನ ಮೇಲಿನ ಕ್ಯಾಲ್ಕುಲೇಟರ್‌ಗಳಲ್ಲಿ ಬಿಡಿಸಿದರು. ಹಿಡಿದದ್ದು ಸುಮಾರು 120 ಆಳು-ದಿನದ ಕೆಲಸ. ಎಕ್ಸೆಲ್‌ನ ಸಾಲ್ವರ್ ಆ ಶ್ರಮ ಉಳಿಸುತ್ತದೆ. ಆದರೆ ಅದು ಕೊಡುವ ‘ಶ್ಯಾಡೋ ಪ್ರೈಸ್’ ಅರ್ಥವಾಗಬೇಕಾದರೆ ಒಮ್ಮೆಯಾದರೂ ಕೈಯಲ್ಲಿ ಮಾಡಿರಬೇಕು. ನಮ್ಮ ಲೆಕ್ಕದ ಕೊನೆಯ ಟೇಬಲ್‌ನ ಕೆಳಸಾಲಿನಲ್ಲಿ 10 ಮತ್ತು 20 ಬರುತ್ತವೆ. ಶ್ಯಾಡೋ ಪ್ರೈಸ್ ಅಂದರೆ ಇವೇ. ಒಂದು ಕೆ.ಜಿ. ಹಿಟ್ಟು ಹೆಚ್ಚಾದರೆ ಲಾಭ 10 ರೂಪಾಯಿ ಏರುತ್ತದೆ. ಒಂದು ಬಾಣಲೆಯಷ್ಟು ಒಲೆಯ ಹೊತ್ತು ಹೆಚ್ಚಾದರೆ 20. ಒಂದು ಗಂಟೆಗೆ 10 ಬಾಣಲೆ, ಅಂದರೆ 200 ರೂಪಾಯಿ. ಒಲೆ ಒಂದು ಗಂಟೆ ಜಾಸ್ತಿ ಉರಿಸಲು ಕೂಲಿ, ಗ್ಯಾಸ್ ಸೇರಿ 150 ರೂಪಾಯಿ ಹೆಚ್ಚು ಬಿದ್ದರೆ ಉರಿಸಬಹುದು, 250 ಆದರೆ ಬೇಡ. ಮ್ಯಾನೇಜರ್ ಆಗುವವರಿಗೆ ಬೇಕಾದ ಉತ್ತರ ಇದು. ಟೇಬಲ್ ಮುಗಿಯಿತು ಅಂತ ಪುಸ್ತಕ ಮುಚ್ಚಿದವರಿಗೆ ಇದು ಕಾಣುವುದೇ ಇಲ್ಲ, ನನಗೆ ಬೇಸರ ಅದೇ.

ಟ್ರಾನ್ಸ್‌ಪೋರ್ಟೇಷನ್ (ಸರಕನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವುದು), ಅಸೈನ್‌ಮೆಂಟ್ (ಯಾರಿಗೆ ಯಾವ ಕೆಲಸ ಅಂತ ಹಂಚುವುದು) ಲೆಕ್ಕಗಳು ಇದಕ್ಕಿಂತ ಸುಲಭ. ಮೊದಲನೆಯದರಲ್ಲಿ ಪೂರೈಕೆ, ಬೇಡಿಕೆ ಎರಡರ ಮೊತ್ತ ಸಮ ಇದೆಯಾ ಅಂತ ನೋಡಿಕೊಂಡೇ ಶುರು ಮಾಡಿ. ಪಾಠ ಕೇಳಬೇಕು ಅನ್ನಿಸಿದರೆ ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಉಚಿತ.

ಈ ವಾರ ಹೊಸ ಲೆಕ್ಕ ಬೇಡ. ಇದೇ ಅಂಗಡಿಗೆ ಚಕ್ಕುಲಿಯನ್ನೂ ಸೇರಿಸಿ. ಬಾಣಲೆಗೆ 1 ಕೆ.ಜಿ. ಹಿಟ್ಟು, 12 ನಿಮಿಷ, 45 ರೂಪಾಯಿ ಲಾಭ. ಟೇಬಲ್ ಹಾಕುವ ಮೊದಲು ಆ 10 ಮತ್ತು 20ನ್ನೇ ಬಳಸಿ, ಚಕ್ಕುಲಿ ಮಾಡುವುದು ಲಾಭವೋ ನಷ್ಟವೋ ಹೇಳಿ ನೋಡಿ.