ಮಗುವಿನ ಪಾತ್ರ: ಕಣ್ಣು ದೊಡ್ಡದು ಮಾಡುವ ಮೊದಲು ತಲೆಯ ಹಿಂಭಾಗ ನೋಡಿ

ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ ಆರು ವರ್ಷದ ಹುಡುಗಿಯ ಕಾನ್ಸೆಪ್ಟ್ ಆರ್ಟ್ (ಪಾತ್ರದ ಮೂಲ ಕಲ್ಪನಾಚಿತ್ರ) ಅನ್ನೂ ಅದನ್ನು ನೋಡಿ ನೀವು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡಿದ ಶಿಲ್ಪವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಮುಖ ಹೋಲುತ್ತಿದ್ದರೂ ಮಗುವಿನಂತೆ ಕಾಣುತ್ತಿಲ್ಲ, ಕಣ್ಣನ್ನು ಇನ್ನಷ್ಟು ದೊಡ್ಡದು ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ದೊಡ್ಡವರ ಬೇಸ್ ಮೆಶ್ (ತಿದ್ದಲು ಸಿದ್ಧವಾಗಿರುವ 3ಡಿ ಮೈ) ತೆಗೆದುಕೊಂಡು ಮೈಯನ್ನು ಕುಗ್ಗಿಸಿ ತಲೆಯನ್ನು ಹಿಗ್ಗಿಸಿದ್ದೀರಿ ಎಂಬುದು ಆ ಭುಜದ ಅಗಲ ಮತ್ತು ದವಡೆಯ ಮೂಲೆಯಿಂದಲೇ ತಿಳಿಯುತ್ತದೆ. ಆ ದಾರಿಯಲ್ಲಿ ಎಷ್ಟು ತಿದ್ದಿದರೂ ಕೊನೆಗೆ ಸಿಗುವುದು ಕುಳ್ಳಗಿನ ಮುದುಕಿಯೇ.

ಆ ಮೆಶ್ ಬಿಟ್ಟು ಹೊಸ ಗೋಳದಿಂದ ಆರಂಭಿಸಿ. ಮುಂಭಾಗದಿಂದಲ್ಲ, ನಂಪ್ಯಾಡ್ 3 ಒತ್ತಿ ಪಕ್ಕದ ನೋಟದಿಂದ. ಆರು ವರ್ಷದ ಹೊತ್ತಿಗೆ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇ 90ರಷ್ಟು ಬೆಳೆದಿರುತ್ತದೆ, ಕಣ್ಣುಗುಡ್ಡೆಯೂ ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಹತ್ತಿರ ಬಂದಿರುತ್ತದೆ. ಆದರೆ ಮೂಗು, ದವಡೆ, ಗಲ್ಲ (ಗದ್ದ) ಬೆಳೆಯುವುದು ಇನ್ನೂ ಬಾಕಿ. ಮಗುವಿನ ಕಣ್ಣು ದೊಡ್ಡದಾಗಿ ಕಾಣುವುದು ಅದರ ಸುತ್ತಲಿನ ಮುಖ ಚಿಕ್ಕದಾಗಿರುವುದರಿಂದ. ಆದ್ದರಿಂದ ಮೊದಲು ತಲೆಬುರುಡೆಯನ್ನು ಹಿಂದಕ್ಕೂ ಮೇಲಕ್ಕೂ ತುಂಬಿಸಿ, ಮುಖವನ್ನು ಅದರ ಮುಂದಿನ ಕೆಳಭಾಗದಲ್ಲಿ ಸಣ್ಣದಾಗಿ ಕೂರಿಸಬೇಕು. ಕಣ್ಣಿನ ಗೆರೆ ತಲೆಯ ಎತ್ತರದ ಅರ್ಧಕ್ಕಿಂತ ಕೆಳಗಿರಬೇಕು, ಮೂಗಿನ ಸೇತುವೆ ತಗ್ಗಾಗಿರಬೇಕು, ಗಲ್ಲ ತುಸು ಒಳಕ್ಕಿರಬೇಕು. ನಿಮ್ಮ ಶಿಲ್ಪದಲ್ಲಿ ಕಿವಿ ಮುಗಿದಲ್ಲೇ ತಲೆಯೂ ಮುಗಿದಿದೆ. ಕೂದಲು ಅದನ್ನು ಮುಚ್ಚುತ್ತದೆ ಎಂದುಕೊಂಡಿರಬಹುದು, ಆದರೆ ಎಣ್ಣೆ ಹಚ್ಚಿ ಬಾಚಿ, ಕುತ್ತಿಗೆಯವರೆಗೆ ಬೈತಲೆ ತೆಗೆದು ಹೆಣೆದ ಎರಡು ಜಡೆಯಲ್ಲಿ ಕೂದಲು ತಲೆಗೆ ಅಂಟಿಕೊಂಡಿರುತ್ತದೆ. ಬುರುಡೆಯ ಆಕಾರ ಹಾಗೆಯೇ ಹೊರಗೆ ಕಾಣುತ್ತದೆ. ಕಾನ್ಸೆಪ್ಟ್ ಆರ್ಟ್ ಮುಂಭಾಗವನ್ನೋ ಮುಕ್ಕಾಲು ನೋಟವನ್ನೋ ಕೊಟ್ಟು ಸುಮ್ಮನಾಗುತ್ತದೆ, ಆದ್ದರಿಂದ ಹಿಂಭಾಗಕ್ಕೆ ಮನೆಯ ಅಥವಾ ಪಕ್ಕದ ಮನೆಯ ಮಗುವನ್ನೇ ಹಿಂದೆ ನಿಂತು ನೋಡಬೇಕು. ಚಿತ್ರಕ್ಕೆ ಹೊಂದಿಸುವಾಗ ವ್ಯೂಪೋರ್ಟ್‌ನ (ಬ್ಲೆಂಡರ್‌ನಲ್ಲಿ ಶಿಲ್ಪ ಕಾಣುವ ಕಿಟಕಿಯ) ಫೋಕಲ್ ಲೆಂತ್, ಅಂದರೆ ಮಸೂರದ ನಾಭಿದೂರವನ್ನು 50ರಿಂದ 85 ಮಿ.ಮೀ. ಆಸುಪಾಸಿಗೆ ಏರಿಸಿ, ಇಲ್ಲದಿದ್ದರೆ ಮೂಗು ಮುಂದೆ ಬಂದಂತೆ ಕಂಡು ಸರಿಯಾಗಿರುವುದನ್ನೇ ತಿದ್ದುತ್ತಾ ಕೂರುತ್ತೀರಿ.

ಇನ್ನು ಗೆರೆಗಳ ವಿಚಾರ. ಕಲಾವಿದರು ನಗುವನ್ನು ತೋರಿಸಲು ಕೆನ್ನೆಯ ಬಳಿ ಎಳೆದ ಒಂದು ಗೆರೆಯನ್ನು ನೀವು ಕ್ರೀಸ್ ಬ್ರಷ್‌ನಿಂದ ನೇಗಿಲಿನಲ್ಲಿ ಸಾಲು ಹೊಡೆದಂತೆ ಕೊರೆದಿದ್ದೀರಿ. ಹೊಸ ಶಿಲ್ಪದಲ್ಲಿ ಅದು ಬೇಡವೇ ಬೇಡ. ಕೆನ್ನೆಯ ಉಬ್ಬನ್ನು ಕ್ಲೇ ಸ್ಟ್ರಿಪ್ಸ್ ಬ್ರಷ್‌ನಿಂದ ತುಂಬಿ ಸ್ಮೂತ್ ಮಾಡಿದರೆ ಉಬ್ಬು ತುಟಿಯ ಕಡೆಗೆ ಇಳಿಯುವಲ್ಲಿ ನೆರಳೇ ಆ ಗೆರೆಯಾಗುತ್ತದೆ. ಆರು ವರ್ಷದ ಮಗುವಿನ ಕೆನ್ನೆಗೆ ಚರ್ಮದ ರಂಧ್ರಗಳ ಆಲ್ಫಾ (ಬ್ರಷ್‌ನಿಂದ ಒತ್ತುವ ಅಚ್ಚು) ಹಾಕಿದ್ದು ಏಕೆಂದು ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಕೆನ್ನೆಯ ಕೆಲಸವೂ ಆಮೇಲಿನದು; ಹೊರರೇಖೆ ಸರಿಯಾಗುವವರೆಗೆ ವಾಕ್ಸೆಲ್ ರೀಮೆಶ್ (ಮೆಶ್ಶನ್ನು ಒಂದೇ ಗಾತ್ರದ ಚೌಕಗಳಲ್ಲಿ ಮತ್ತೆ ಹೆಣೆಯುವುದು) ಒರಟಾಗಿಯೇ ಇರಲಿ, ಹಿಡಿದು ಎಳೆಯುವ ಗ್ರ್ಯಾಬ್ ಬ್ರಷ್ ಬಿಟ್ಟು ಬೇರೇನನ್ನೂ ಮುಟ್ಟಬೇಡಿ.

ಮೈಗೆ ಬಂದರೆ, ದೊಡ್ಡವರು ಸುಮಾರು ಏಳೂವರೆ ತಲೆಯಷ್ಟು ಎತ್ತರವಿದ್ದರೆ ಈ ವಯಸ್ಸಿನ ಮಗು ಐದೂವರೆಯಿಂದ ಆರು ತಲೆ. ನಿಮ್ಮ ಚಿತ್ರದಲ್ಲಿ ಕಲಾವಿದರು ಶೈಲಿಗಾಗಿ ನಾಲ್ಕೂವರೆಗೆ ಇಳಿಸಿದಂತಿದೆ. ಅದನ್ನೇ ಅನುಸರಿಸಿ, ಆದರೆ ಭುಜ ಕಿರಿದಾಗಲಿ, ಹೊಟ್ಟೆ ಸ್ವಲ್ಪ ಮುಂದೆ ಬರಲಿ. ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಂದ ತಾಳಮಾನದ (ವಿಗ್ರಹದ ಅಳತೆಯ ಸಾಂಪ್ರದಾಯಿಕ ಕ್ರಮದ) ಲೆಕ್ಕ ಕೇಳಿ ತಂದವರು ಒಂದು ವಿಷಯ ಗಮನಿಸಬೇಕು: ಗಣಪತಿಗೆ ಪಂಚತಾಳ (ಐದು ತಾಳದ ಎತ್ತರ) ಎನ್ನುವಾಗ ತಾಳವೆಂದರೆ ಹಣೆಯ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ, ನಾವು ಎಣಿಸುವ ತಲೆಯಾದರೋ ನೆತ್ತಿಯಿಂದ ಗಲ್ಲದವರೆಗೆ. ಮಗುವಿನ ನೆತ್ತಿ ಎತ್ತರವಾಗಿರುವುದರಿಂದ ಎರಡನ್ನೂ ಬೆರೆಸಿದರೆ ಅಳತೆ ಬಹಳವೇ ತಪ್ಪುತ್ತದೆ.

ಬ್ಲೆಂಡರ್ ಬದಲು ಝಡ್‌ಬ್ರಷ್ ಎಂಬ ಶಿಲ್ಪ ತಂತ್ರಾಂಶ ಕೊಂಡರೆ ಸರಿಹೋದೀತೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಅದು ಒಳ್ಳೆಯದೇ, ಆದರೆ ಮ್ಯಾಕ್ಸಾನ್ ಕಂಪನಿಯ ಕೈಗೆ ಹೋದಮೇಲೆ ಚಂದಾ ಕಟ್ಟುತ್ತಲೇ ಇರಬೇಕು, ಮೇಲಾಗಿ ಅದರಲ್ಲಿ ತಾನಾಗಿ ಬರುವ ಕೆಂಪು ಮೇಣದ ಮ್ಯಾಟ್‌ಕ್ಯಾಪ್ (ಶಿಲ್ಪದ ಮೇಲ್ಮೈಗೆ ತೋರಿಸುವ ಬಣ್ಣ, ಬೆಳಕು) ಅರ್ಧ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಯಾವುದರಲ್ಲಿ ಮಾಡಿದರೂ ಹೊಳಪಿಲ್ಲದ ಬೂದು ಮ್ಯಾಟ್‌ಕ್ಯಾಪ್ ಇಟ್ಟುಕೊಳ್ಳಿ. ಪೆನ್ ಟ್ಯಾಬ್ಲೆಟ್‌ಗೆ ಹ್ಯುಯಾನ್ ಕಂಪನಿಯ ಸಣ್ಣದು ಸಾಕು. ಪರದೆಯಿರುವ ಟ್ಯಾಬ್ಲೆಟ್‌ಗೆ ಈಗಲೇ ದುಡ್ಡು ಸುರಿಯಬೇಕಾಗಿಲ್ಲ.

ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿಸುವ ಯೋಚನೆಯಿದ್ದರೆ ಕುತ್ತಿಗೆಯ ಬಗ್ಗೆ ಈಗಲೇ ಎಚ್ಚರವಿರಲಿ. ಮಗುವಿನ ಕುತ್ತಿಗೆ ತೆಳು, ಮೇಲಿನ ತಲೆ ಭಾರ, ಮುರಿಯುವುದು ಅಲ್ಲಿಯೇ. ಮುರಿಯುತ್ತದೆಂದು ಕುತ್ತಿಗೆಯನ್ನು ದಪ್ಪ ಮಾಡಿದರೆ ಮತ್ತೆ ದೊಡ್ಡವರ ಮೈಯೇ ಆಗಿಬಿಡುತ್ತದೆ. ಅದರ ಬದಲು ಎರಡೂ ಜಡೆಗಳನ್ನು ಮುಂದಕ್ಕೆ ತಂದು ರಿಬ್ಬನ್ ಭುಜಕ್ಕೆ ತಾಗುವಂತೆ ಇಳಿಬಿಡಿ. ಭಾರ ಮೂರು ಕಡೆ ಹಂಚಿಹೋಗುತ್ತದೆ, ನೋಡುವವರಿಗೆ ಆಧಾರವೆಂದು ತಿಳಿಯುವುದೂ ಇಲ್ಲ.