ಡಾಟ್ಸನ್ 240ಝಡ್: ಫ್ಯೂಸ್ ಹೋಗಿಲ್ಲ, ಬಾಕ್ಸ್ ಕರಗಿದೆ

ಈ ಹಳೇ ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಫ್ಯೂಸ್ ಹೋಗದೆ, ಪಾರ್ಕಿಂಗ್ ಲೈಟ್ ಫ್ಯೂಸನ್ನು ಹಿಡಿಯುವ ಕ್ಲಿಪ್ ಸುತ್ತ ಪ್ಲಾಸ್ಟಿಕ್ ಮಾತ್ರ ಕರಗಿದೆ ಅಂದರೆ ಬಹುತೇಕ ಶಾರ್ಟ್ ಅಲ್ಲ. ಕ್ಲಿಪ್ ಸಡಿಲವಾಗಿ ರೆಸಿಸ್ಟೆನ್ಸ್ ಏರಿ, ಅಲ್ಲೇ ಬಿಸಿಯಾಗಿರುತ್ತೆ. ದೊಡ್ಡ ಫ್ಯೂಸ್ ಹಾಕಲೇಬೇಡಿ, ವೈರೇ ಹೊತ್ತಿಕೊಳ್ಳುತ್ತೆ.

ಲೈಟ್ ಹಾಕಿಟ್ಟು ಫ್ಯೂಸಿನ ತುದಿಗೂ ಕ್ಲಿಪ್ಪಿನ ಹಿಂದಿನ ವೈರಿಗೂ ಮಲ್ಟಿಮೀಟರ್ ಹಿಡಿಯಿರಿ. 0.1 ವೋಲ್ಟ್ ದಾಟಿದರೆ ಆ ಜಾಯಿಂಟೇ ಕಳ್ಳ. ಬ್ಯಾಟರಿ ನೆಗೆಟಿವ್ ಬಿಚ್ಚಿ, ತಾಮ್ರ ಹೊಳೆಯುವ ತನಕ ವೈರ್ ಹಿಂದಕ್ಕೆ ಕತ್ತರಿಸಿ. ಕಪ್ಪಗಾದ ಎಳೆಗೆ ಕ್ರಿಂಪೂ ಹಿಡಿಯಲ್ಲ, ಬೆಸುಗೆಯೂ ಕೂರಲ್ಲ. ಅದೇ ದಪ್ಪದ ತುಂಡು ಸೇರಿಸಿ ಹೊಸ ಟರ್ಮಿನಲ್ ಹಾಕಿ. ಹಳೇ ಬಾಕ್ಸನ್ನು ಉಜ್ಜಿ ಬಳಸಬೇಡಿ, ಒಮ್ಮೆ ಕಾದ ಕ್ಲಿಪ್ಪಿಗೆ ಬಿಗಿತ ವಾಪಸ್ ಬರಲ್ಲ.

ಸ್ಟೀರಿಂಗ್ ಕಾಲಮ್ಮಿನ ಲೈಟ್ ಸ್ವಿಚ್ ಒಳಗೂ ಸುಟ್ಟಿರಬಹುದು, ಬಿಚ್ಚದೆ ಹೇಳೋಕಾಗಲ್ಲ. ಸ್ವಿಚ್ ಮೇಲಿನ ಹೊರೆ ಇಳಿಸಲು ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕುವುದಾದರೆ ಗಮನಿಸಿ: ಈ ಕಾರಿನಲ್ಲಿ ಹೈ-ಲೋ ಬೀಮ್ ಬದಲಾಗುವುದು ಅರ್ತ್ (ನೆಗೆಟಿವ್) ಕಡೆ, ಮಾಮೂಲಿ ರಿಲೇ ಕಿಟ್ ನೇರವಾಗಿ ಹೊಂದಲ್ಲ.